ಇಂಗ್ಲಿಷ್ ಚೀಟಿಗಳ ಕಟ್ಟು

ಇಂಗ್ಲಿಷ್ ಪರೀಕ್ಷೆಗೆ ಎರಡೇ ದಿನ ಉಳಿದಿದ್ದವು. ಲಿಂಗಸುಗೂರಿನಿಂದ ಸಿಂಧನೂರಿಗೆ ಡ್ಯೂಟಿಗೆ ಹೋಗುವ ಬಸ್ಸಿನಲ್ಲಿ, ಕಠಿಣ ಪದಗಳನ್ನು ಬರೆದುಕೊಂಡಿದ್ದ ಸಣ್ಣ ಚೀಟಿಗಳನ್ನು ತಿರುವುತ್ತ ಬಾಯಿಪಾಠ ಮಾಡುತ್ತಿದ್ದೆ. 'ಇಕ್ವಾನಿಮಿಟಿ' ಅಂದರೆ ಚಿತ್ತಸಮಾಧಾನ. ಹತ್ತು ಸಲ ಓದಿದರೂ ಅದು ತಲೆಯಲ್ಲಿ ನಿಲ್ಲಲೊಲ್ಲದು. ಕಾಲು ಮಾತ್ರ ತಾನಾಗಿಯೇ ಕುಣಿಯುತ್ತಿತ್ತು.

ಮಸ್ಕಿಯಲ್ಲಿ ಹತ್ತಿ ಪಕ್ಕದಲ್ಲಿ ಕೂತ ಬುರ್ಖಾದ ಅಜ್ಜಿ ನನ್ನ ತುಟಿಗಳನ್ನೇ ನೋಡುತ್ತಿದ್ದರು. ಟಿಕೆಟ್ ಎಂದು ಕೂಗುತ್ತ ಬಂದ ಕಂಡಕ್ಟರನಿಗೆ, "ಸುಮ್ನಿರಪಾ, ಈ ಹುಡುಗಿ ದುವಾ ಓದಾಕತ್ತಾಳ" ಎಂದು ಗದರಿದರು. ಆಮೇಲೆ ಮೆಲ್ಲಗೆ ನನ್ನನ್ನು ಕೇಳಿದರು: "ಯಾರಿಗೆ ಆರಾಮಿಲ್ಲವ್ವಾ?"

ಬಿಡಿಸಿ ಹೇಳುವಷ್ಟು ತಾಳ್ಮೆ ನನಗಿರಲಿಲ್ಲ. "ನನಗೇ ರೀ" ಅಂದೆ.

"ನಿದ್ದಿ ಬರಂಗಿಲ್ಲೇನು?"

"ಇಲ್ಲ ರೀ."

ಅಜ್ಜಿ ಚೀಟಿಗಳ ಕಟ್ಟನ್ನು ಇಸಿದುಕೊಂಡು, ಕಣ್ಣು ಮುಚ್ಚಿ ಏನೋ ಓದಿ, ಮೂರು ಸಲ ಊದಿ ಮರಳಿ ಕೊಟ್ಟರು. "ಬರೇ ಓದಿದ್ರ ಹತ್ತಂಗಿಲ್ಲವ್ವಾ. ದರ್ಗಾದಾಗ ಬರದು ಕೊಟ್ಟ ಚೀಟಿ ಹೆಂಗ ಕುಡೀತೀವಿ, ಹಂಗ ದಿನಾ ಒಂದೊಂದು ನೀರಾಗ ತೊಳದು ಕುಡಿ. ಒಳಗ ಇಳೀತದ."

ಎರಡು ದಿನ, ನಾನೂರು ಚೀಟಿ. ಸುಳ್ಳೇಕೆ, ಸಿಂಧನೂರು ಬರುವ ತನಕ ಅದನ್ನೇ ಯೋಚಿಸಿದೆ. ಆದರೆ ಹಾಳಾದ್ದು, ನಾನು ಬರೆದದ್ದು ಬಾಲ್‌ಪೆನ್ನಿನಲ್ಲಿ. ಎಷ್ಟು ತೊಳೆದರೂ ಮಸಿ ನೀರಿಗೆ ಬಿಡುವುದಿಲ್ಲ.