ಡ್ರಿಲ್ ಮೇಷ್ಟ್ರು ಕೊರೆಸಿದ ಸಿಲಿಂಡರು

ನಮ್ಮ ಡ್ರಿಲ್ ಮೇಷ್ಟ್ರ ಬಲಗಾಲಿನ ಮೀನಖಂಡದ ಮೇಲೆ ಅಂಗೈಯಗಲದ ಸುಟ್ಟ ಕಲೆಯೊಂದಿತ್ತು. ಅವರ ಮೋಟಾರ್ ಸೈಕಲ್ಲಿನ ಸೈಲೆನ್ಸರು ಕೊಟ್ಟದ್ದು. ಖಾಕಿ ಚಡ್ಡಿಯ ಮನುಷ್ಯ, ಹಾಗಾಗಿ ಅದು ಊರಿಗೆಲ್ಲ ಕಾಣುತ್ತಿತ್ತು. ಯಾರಾದರೂ ಅಯ್ಯೋ ಎಂದರೆ, "ಇನ್ನೂ ಪಳಗಿಲ್ಲ ಕಣ್ರೀ, ಕಚ್ತದೆ" ಎನ್ನುತ್ತಿದ್ದರು, ಹೊಸದಾಗಿ ತಂದ ನಾಯಿಯ ವಿಚಾರ ಹೇಳುವಂತೆ.

ಅರವತ್ತರ ದಶಕದ ಕೊನೆ. ನಾನು ಪಾಂಡವಪುರದ ಹೈಸ್ಕೂಲಿಗೆ ಚರಿತ್ರೆ ಕಲಿಸಲು ಬಂದು, ಅವರ ಪಕ್ಕದ ಮನೆಯಲ್ಲೇ ಬಾಡಿಗೆಗಿದ್ದೆ. ಕೆ.ಆರ್.ಎಸ್. ಕಡೆ ಕೆಲಸಕ್ಕೆ ಬಂದಿದ್ದ ಪರದೇಶದ ಎಂಜಿನಿಯರೊಬ್ಬ ಊರು ಬಿಡುವಾಗ ಮಾರಿಹೋದ ಗಾಡಿ ಅದು. ಕಲ್ಲುಬಂಡೆ ಹತ್ತಿಸುವ ಪಂದ್ಯಗಳಿಗೆಂದೇ ಮಾಡಿದ್ದ ಹಳೇ ಟೂ-ಸ್ಟ್ರೋಕ್ ಗಾಡಿ, ನೂರಿಪ್ಪತ್ತೈದು ಸಿಸಿ. ಒಬ್ಬ ಸಣಕಲು ದೊರೆ ಕೂತರೆ ಬಂಡೆ ಹತ್ತುತ್ತಿತ್ತೇನೋ. ನಮ್ಮ ಮೇಷ್ಟ್ರದು ಎರಡಾಳಿನ ಮೈ. ಜೊತೆಗೆ ಹಿಂದೆ ತೆಂಗಿನ ನಾರು ತುಂಬಿ ಹೊಲಿಸಿದ ಸೀಟು, ಅದರ ಮೇಲೆ ಅವರ ಹೆಂಡತಿ. ಅವರನ್ನು ಶಾಲೆಯವರೆಲ್ಲ ಅಕ್ಕಾವ್ರು ಎನ್ನುತ್ತಿದ್ದೆವು.

ಅಕ್ಕಾವ್ರ ತವರು ಮೇಲುಕೋಟೆ. ಬೆಟ್ಟದ ಏರು ಶುರುವಾದ ಕೂಡಲೇ ಗಾಡಿ ತಿಣುಕಾಡುತ್ತಿತ್ತು. ಅಕ್ಕಾವ್ರು ಇಳಿದು ನಡೆಯಬೇಕು, ಮೇಷ್ಟ್ರು ಬುರ್ರೆಂದು ಮೇಲೆ ಹೋಗಿ ಕಾಯಬೇಕು. ತವರಿನ ಬಾಗಿಲಲ್ಲಿ ನಿಂತ ನಾದಿನಿಗೆ, ಅಂದರೆ ತಮ್ಮನ ಹೆಂಡತಿಗೆ, ಇದೊಂದು ತಮಾಷೆ: "ಭಾವ ಗಾಡೀಲಿ ಬಂದ್ರು, ಅತ್ತಿಗೆ ಗಾಡಿ ಇಂದಿಂದೆ ಬಂದ್ರು."

ಒಂದು ಸಲ ಅಕ್ಕಾವ್ರು ಊರಿಗೆ ಮರಳಿದವರೇ ಜಗಲಿಯ ಮೇಲೆ ಕೂತು, ನನ್ನೆದುರಿಗೇ ಹೇಳಿಬಿಟ್ಟರು: "ಇನ್ಮೇಲೆ ನಾನು ಬಸ್ಸಲ್ಲೇ ಓಗದು. ಈ ಗಾಡಿ ಅತ್ತಾಕಿಲ್ಲ."

ಮೇಷ್ಟ್ರು ಆ ದಿನ ಊಟ ಬಿಟ್ಟರು. ಮಾರನೆಯ ದಿನ ಶ್ರೀರಂಗಪಟ್ಟಣದ ಲೇತ್ ಸಾಬರ ಅಂಗಡಿಗೆ ನನ್ನನ್ನೂ ಎಳೆದುಕೊಂಡು ಹೋದರು. ಸಿಲಿಂಡರನ್ನು ಒಳಗಿನಿಂದ ಅಗಲವಾಗಿ ಕೊರೆದು, ದೊಡ್ಡ ಗಾಡಿಯೊಂದರ ಪಿಸ್ಟನ್ ಕೂರಿಸಬೇಕು. ಆಗ ನೂರೈವತ್ತು ಸಿಸಿ ಮುಟ್ಟುತ್ತದೆ ಎಂಬುದು ಅವರ ಲೆಕ್ಕ. ಸಾಬರು ಒಂದಷ್ಟು ಕೊರೆದು, ಬೆಳಕಿಗೆ ಹಿಡಿದು ನೋಡಿ ತಲೆಯಾಡಿಸಿದರು.

"ಅರೆ ಮೇಷ್ಟ್ರೇ, ಇನ್ನೂ ಕೊರೆದ್ರೆ ಸಿಲಿಂಡ್ರೇ ಇರಾಕಿಲ್ಲ, ಬರೀ ತೂತು ಉಳೀತದೆ."

"ನಂಗೆ ಬೇಕಾಗಿರೋದು ತೂತೇ ಕಣ್ ಸಾಬ್ರೇ. ನೀವು ಕೊರೀರಿ!"

ಎಂಜಿನ್ ಜೋಡಿಸಿದ ಮೇಲೆ ಅದರ ಸದ್ದೇ ಬೇರೆಯಾಯಿತು. ಬೀದಿಯ ಕೋಳಿಗಳು ಗೂಡು ಬದಲಾಯಿಸಿದವು. ಮೇಷ್ಟ್ರು ಮೂರು ದಿನ ಅಂಗಲಾಚಿದ ಮೇಲೆ ಅಕ್ಕಾವ್ರು, "ಇದೇ ಕೊನೆ" ಎಂದು ಒಪ್ಪಿದರು. ಸಾಕ್ಷಿಗೆ ಇರಲೆಂದು ಮೇಷ್ಟ್ರು ನನ್ನನ್ನು ಮುಂಚಿನ ಬಸ್ಸಿಗೆ ಹತ್ತಿಸಿ ಮೇಲುಕೋಟೆಗೆ ಕಳಿಸಿದರು. ನಾನು, ಅಕ್ಕಾವ್ರ ತಮ್ಮ, ಆ ನಾದಿನಿ ಬಾಗಿಲಲ್ಲಿ ಕಾದು ನಿಂತೆವು.

ಕಣಿವೆಯಿಂದ ಸದ್ದು ಏರುತ್ತಾ ಬಂತು. ತಿರುವಿನಲ್ಲಿ ಗಾಡಿ ಕಾಣಿಸಿಕೊಂಡಿತು. ಹಿಂದಿನ ಸೀಟಿನಲ್ಲಿ, ಸೆರಗಿನ ತುದಿ ಹಲ್ಲಲ್ಲಿ ಕಚ್ಚಿ, ಬೆನ್ನು ನೆಟ್ಟಗೆ ಮಾಡಿ ಅಕ್ಕಾವ್ರು ಕೂತಿದ್ದರು! ನಾನು ಚಪ್ಪಾಳೆ ತಟ್ಟಿದೆ. ಗಾಡಿ ನಮ್ಮ ಮುಂದೆ ಬಂತು, ನಿಲ್ಲದೆ ದಾಟಿಹೋಯಿತು.

"ನಿಲ್ತಾ ಇಲ್ಲ ಕಣ್ರಪ್ಪೋ!" ಎಂಬ ಮೇಷ್ಟ್ರ ಕೂಗು ಮಾತ್ರ ನಮ್ಮ ಪಾಲಿಗೆ ಉಳಿಯಿತು.

ಸಿಲಿಂಡರಿನ ಬುಡದ ಪ್ಯಾಕಿಂಗು ಹರಿದು ಎಂಜಿನ್ನು ಗಾಳಿ ಎಳೆದುಕೊಳ್ಳುತ್ತಿತ್ತಂತೆ, ಸ್ವಿಚ್ಚು ಆರಿಸಿದರೂ ಹುಚ್ಚು ಹಿಡಿದಂತೆ ಓಡುತ್ತಿತ್ತಂತೆ. ಕ್ಲಚ್ಚಿನ ತಂತಿ ಏರಿನಲ್ಲೇ ತುಂಡಾಗಿತ್ತು. ಬ್ರೇಕು ಮೊದಲಿನಿಂದಲೂ ಹೆಸರಿಗಷ್ಟೇ. ನಾನು ಮತ್ತು ತಮ್ಮ ಒಂದೇ ಸೈಕಲ್ಲಿನಲ್ಲಿ ಹಿಂದೆ ಹೊರಟೆವು. ಬೆಟ್ಟ ಇಳಿದು ನಾಗಮಂಗಲದ ದಿಕ್ಕಿಗೆ ಬಹಳ ದೂರ ಹೋದ ಮೇಲೆ, ಆಗಷ್ಟೇ ಉತ್ತ ಕೆಮ್ಮಣ್ಣಿನ ಹೊಲದಲ್ಲಿ ಗಾಡಿ ಹೂತು ನಿಂತಿತ್ತು. ಮೇಷ್ಟ್ರು ಬದುವಿನ ಮೇಲೆ ಕೂತು ಏದುಸಿರು ಬಿಡುತ್ತಿದ್ದರು. ಹೊಲದ ಯಜಮಾನ ಚಕ್ರದ ಗೆರೆಯನ್ನೇ ನೋಡುತ್ತಾ, "ನೀವೂ ಒಂದು ಸಾಲು ಒಡೆದ್ರಲ್ಲ ಸ್ವಾಮಿ, ನೇಗಿಲಿಗಿಂತ ಆಳಕ್ಕೆ ಓಗ್ಯದೆ" ಎಂದ.

ಅಕ್ಕಾವ್ರು ಮಾತ್ರ ಇನ್ನೂ ಸೀಟಿನ ಮೇಲೆಯೇ ಇದ್ದರು.

"ಇಳಿಯಕ್ಕಾ," ಎಂದ ತಮ್ಮ.

"ನಾನ್ಯಾಕ್ಲಾ ಇಳೀಲಿ? ಇಳ್ದೂ ಇಳ್ದೂ ಸಾಕಾಗ್ಯದೆ. ಇವತ್ತು ಗಾಡೀಲೇ ಬಂದಿವ್ನಿ, ಗಾಡೀಲೇ ಮನೆ ಸೇರ್ತೀನಿ. ನೂಕ್ರಿ!"

ಮೇಷ್ಟ್ರು ಹ್ಯಾಂಡಲ್ಲು ಹಿಡಿದರು, ನಾವಿಬ್ಬರು ಹಿಂದಿನಿಂದ ನೂಕಿದೆವು. ಸೈಕಲ್ಲನ್ನು ಹೊಲದ ಯಜಮಾನ ತಳ್ಳಿಕೊಂಡು ಬಂದ, ಕೊನೆ ಏನಾಗುತ್ತದೋ ನೋಡಲೆಂದು. ಮತ್ತೆ ಆ ಬೆಟ್ಟ ಹತ್ತುವಷ್ಟರಲ್ಲಿ ಮೂವರು ಗಂಡಸರ ಅಂಗಿಯೂ ಹಿಂಡುವಂತಾಗಿತ್ತು. ಬಾಗಿಲಲ್ಲಿದ್ದ ನಾದಿನಿ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಅಕ್ಕಾವ್ರು ಸೆರಗು ಸರಿಮಾಡಿಕೊಂಡು ನಿಧಾನವಾಗಿ ಇಳಿದು, "ಕಾಫಿ ಆಗ್ಯದಾ?" ಎಂದರು. ಮೇಷ್ಟ್ರು ನನ್ನ ಕಿವಿಯಲ್ಲಿ, "ನೋಡುದ್ರಾ, ಇಳೀಲಿಲ್ಲ!" ಎಂದರು. ಆ ಮುಖದ ಖುಷಿಯನ್ನು ನಾನು ಶಾಲೆಯ ಯಾವ ಬಹುಮಾನದ ದಿನವೂ ಅವರಲ್ಲಿ ಕಂಡಿರಲಿಲ್ಲ.

ಪ್ಯಾಕಿಂಗು, ಬ್ರೇಕು ಸರಿಯಾದವು. ಆಮೇಲೆ ವರ್ಷಗಟ್ಟಲೆ ಇಬ್ಬರೂ ಆ ಏರನ್ನು ಕೂತೇ ಹತ್ತಿದರು. ಕೆ.ಆರ್.ಪೇಟೆಯಲ್ಲಿ ಹೆಣ್ಣು ನೋಡಲು ನನ್ನನ್ನು ಕರೆದೊಯ್ದದ್ದೂ ಅದೇ ಗಾಡಿ. ಬೇಡ, ನಾಚಿಕೆ ಎಂದು ಒದ್ದಾಡುತ್ತಿದ್ದವನನ್ನು ಅವರು ಹತ್ತಿಸಿಕೊಂಡು ಹೋಗಿರದಿದ್ದರೆ ನನಗೆ ಸಂಸಾರವೇ ಇರುತ್ತಿರಲಿಲ್ಲ.

ನಿವೃತ್ತಿಯ ಹೊಸ್ತಿಲಲ್ಲಿ, ಎದೆನೋವೆಂದು ಮೈಸೂರಿನ ಆಸ್ಪತ್ರೆ ಸೇರಿದ ಮೇಷ್ಟ್ರು ಮರಳಲಿಲ್ಲ. ಕೆಲವು ತಿಂಗಳ ಮೇಲೆ ಹಳೇ ಗಾಡಿ ಕೊಳ್ಳುವವನೊಬ್ಬ ಬಂದ. ಎಂಜಿನ್ ಬಿಚ್ಚಿಸಿ ನೋಡಿ, ಮೊದಲಿನ ಅಳತೆಯ ಸಿಲಿಂಡರು ಸಿಕ್ಕರೆ ಒಳ್ಳೆ ಬೆಲೆ ಕೊಡುವೆನೆಂದ. ಇದನ್ನು ಯಾರೋ ಕೊರೆದು ಕೆಡಿಸಿದ್ದಾರೆ ಎಂದ.

ಅಕ್ಕಾವ್ರು ಅವನಿಗೆ ಕುಡಿಯಲು ಮಜ್ಜಿಗೆ ಕೊಟ್ಟರು.

"ಕೆಡಿಸಿಲ್ಲ ಕಣಪ್ಪ. ನಾನು ಕೂತ್ಕಳ್ಳಿ ಅಂತ ದೊಡ್ಡದು ಮಾಡವ್ರೆ. ನಿಂಗೆ ಚಿಕ್ಕದು ಬೇಕಿದ್ರೆ ಬ್ಯಾರೆ ಕಡೆ ನೋಡ್ಕೋ."