ನೂರಾ ಎಪ್ಪತ್ತಾರು ಮೆಟ್ಟಿಲು, ಒಂದು ಹೊಸ ಕೀಲು

ಬೆಳಗಿನ ಐದೂಕಾಲು. ಎಂಟು ಮಹಡಿಯ ಕಚೇರಿ ಕಟ್ಟಡದಲ್ಲಿ ಲಿಫ್ಟು ಇನ್ನೂ ಶುರುವಾಗಿಲ್ಲ. ಮೆಟ್ಟಿಲ ಕಡೆಯಿಂದ ಮಾತ್ರ ಸದ್ದು ಬರುತ್ತಿದೆ. ಐವತ್ನಾಲ್ಕು ವರ್ಷದ ಹೆಂಗಸೊಬ್ಬರು ಬಲಗಾಲನ್ನು ಮೇಲಿನ ಮೆಟ್ಟಿಲಿಗಿಟ್ಟು, ಎಡಗಾಲನ್ನು ಅದರ ಪಕ್ಕಕ್ಕೆ ತಂದು, ಕೋಲೂರಿ, ಉಸಿರು ಬಿಟ್ಟು, ಮತ್ತೆ ಬಲಗಾಲು ಎತ್ತುತ್ತಾರೆ. ಎಡಗೈ ಕಂಬಿಯ ಮೇಲಿದೆ. ಆ ಕೈಯಲ್ಲೊಂದು ಬಟ್ಟೆ ಚೂರು. ಕೈ ಮುಂದೆ ಹೋದಂತೆ ಕಂಬಿಯ ಧೂಳೂ ಹೋಗುತ್ತದೆ.

“ಸುಮ್ನೆ ಹಿಡ್ಕೊಂಡು ಹತ್ತೋಕೆ ಕೈ ಒಪ್ಪಲ್ಲ ಸಾರ್” ಎನ್ನುತ್ತಾರೆ.

ಕಟ್ಟಡದ ಕಾವಲುಗಾರ ಇವರನ್ನು ಮೆಟ್ಟಿಲಕ್ಕ ಎಂದು ಕರೆಯುತ್ತಾನೆ. ಹತ್ತೊಂಬತ್ತು ವರ್ಷ ಈ ಮೆಟ್ಟಿಲುಗಳನ್ನು ಒರೆಸಿದವರು. ಈಗ ಇಲ್ಲಿಯ ಕೆಲಸದವರಲ್ಲ. ಸೊಂಟದ ಕೀಲು ಬದಲಿಸಿಕೊಂಡು ನಾಲ್ಕು ತಿಂಗಳಾಗಿದೆ, ಮೆಟ್ಟಿಲು ಹತ್ತಿ ಇಳಿದು ಅಭ್ಯಾಸ ಮಾಡಬೇಕೆಂದು ಆಸ್ಪತ್ರೆಯವರು ಹೇಳಿದ್ದಾರೆ. ಇವರ ಮನೆಗೆ ಹೊಸ್ತಿಲು ಬಿಟ್ಟರೆ ಏರುವಂಥದ್ದು ಏನೂ ಇಲ್ಲ. ಮೇಲ್ವಿಚಾರಕರು ಆರೂವರೆಗೆ ಬರುವ ಮೊದಲು ಹೊರಟುಬಿಡಬೇಕು ಎಂಬ ಕರಾರಿನ ಮೇಲೆ ಕಾವಲುಗಾರ ಒಳಗೆ ಬಿಡುತ್ತಾನೆ. ಕಳ್ಳರಂತೆ ಬಂದು, ಕಂಬಿ ಒರೆಸಿ ಹೋಗುತ್ತಾರೆ.

ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ನೀವು ಓದುತ್ತಿರುವ ಪತ್ರಿಕೆಯ ಈ ಪುರವಣಿ ತಯಾರಾಗುವುದು ಇದೇ ಕಟ್ಟಡದ ಮೂರನೇ ಮಹಡಿಯಲ್ಲಿ. ಎಲೆಮರೆಯ ಕಾಯಿಗಳನ್ನು ಹುಡುಕಿಕೊಂಡು ನಾನು ಬಸ್ಸು ಹತ್ತಿ ಊರೂರು ಅಲೆದಿದ್ದೇನೆ. ಒಂಬತ್ತು ವರ್ಷದಲ್ಲಿ ಈ ಮೆಟ್ಟಿಲು ತುಳಿದದ್ದು ಬೆರಳೆಣಿಕೆಯಷ್ಟು ಸಲ. ಕಳೆದ ತಿಂಗಳು ಬೇಗ ಬಂದ ಒಂದು ದಿನ ಲಿಫ್ಟು ಇಲ್ಲದ್ದರಿಂದ ಇವರು ಕಣ್ಣಿಗೆ ಬಿದ್ದರು. ಇಲ್ಲದಿದ್ದರೆ ಈ ಲೇಖನವೂ ಇರುತ್ತಿರಲಿಲ್ಲ. ನಾಚಿಕೆಯಾಗುತ್ತದೆ, ಬರೆಯದೆ ಬೇರೆ ದಾರಿಯಿಲ್ಲ.

ಮಹಡಿಗೆ ಇಪ್ಪತ್ತೆರಡರಂತೆ ನೂರಾ ಎಪ್ಪತ್ತಾರು ಮೆಟ್ಟಿಲು. ಲಿಫ್ಟಿನಲ್ಲಿ ಬಕೆಟ್ ಒಯ್ಯುವಂತಿಲ್ಲ, ನೀರು ಚೆಲ್ಲುತ್ತದಂತೆ. ತುಂಬಿದ ಬಕೆಟ್ ಹೊತ್ತು ಎಂಟನೇ ಮಹಡಿಗೆ ಏರಬೇಕು, ಅಲ್ಲಿಂದ ಕುಕ್ಕರಗಾಲಲ್ಲಿ ಕೂತು ಒರೆಸುತ್ತ ಹಿಮ್ಮುಖವಾಗಿ ಇಳಿಯಬೇಕು. ಇಳಿಯುವಾಗ ಮೊದಲು ಕೆಳಗಿಡುವುದು ಎಡಗಾಲು, ಪ್ರತಿ ಮೆಟ್ಟಿಲಿಗೂ ಎಡಗಾಲೇ. ಎರಡು ಮಹಡಿಗೊಮ್ಮೆ ನೀರು ಬದಲಿಸಬೇಕು. ಎಡಗಡೆಯ ಕೀಲು ಸವೆದದ್ದಕ್ಕೆ ಆಸ್ಪತ್ರೆಯ ಚೀಟಿಯಲ್ಲಿ ಬರೆದಿರುವ ಕಾರಣ ವಯಸ್ಸು.

ನೋವು ಮೊದಲು ಕಾಣಿಸಿಕೊಂಡದ್ದು ಮಂಡಿಯಲ್ಲಿ. ನಾಲ್ಕು ವರ್ಷ ಮಂಡಿಗೆ ಎಣ್ಣೆ ತಿಕ್ಕಿದರು, ಮಂಡಿಗೆ ಪಟ್ಟಿ ಸುತ್ತಿದರು. ಮೂರು ಸಲ ಎಕ್ಸ್‌ರೇ ತೆಗೆಸಿದರು, ಮೂರೂ ಸಲ ಮಂಡಿಯದೇ. ಮಂಡಿ ಗಟ್ಟಿಮುಟ್ಟಾಗಿತ್ತು. ಮೇಲ್ವಿಚಾರಕರು ಆ ಚಿತ್ರವನ್ನು ಕಿಟಕಿಗೆ ಹಿಡಿದು ನೋಡಿ, “ಇದ್ರಲ್ಲಿ ಏನೂ ಇಲ್ವಲ್ಲ, ಕೆಲಸ ತಪ್ಪಿಸ್ಕೊಳೋಕೆ ನಾಟಕ ಆಡ್ಬೇಡ” ಎಂದರಂತೆ.

“ಎಲ್ರೂ ಹಾಗೇ ಅಂದಾಗ ನಂಗೇ ಅನುಮಾನ ಬಂತು. ನಾನೇ ಸುಳ್ಳು ಹೇಳ್ತಿದೀನೇನೋ ಅಂತ. ನೋವು ತಿಂದಿದ್ದಕ್ಕಿಂತ ಅದೇ ಹೆಚ್ಚು ಸುಟ್ಟಿದ್ದು.”

ನಿಜ ಬಯಲಿಗೆಳೆದದ್ದು ಮಗಳು. ಬಟ್ಟೆ ಕಾರ್ಖಾನೆಯಲ್ಲಿ ಅಂಗಿಗೆ ಕಾಲರ್ ಹೊಲಿಯುವವಳು. ಒಂದು ಭಾನುವಾರ ಅಮ್ಮನ ಪಾದ ನೋಡಿ ಕೇಳಿದಳು: “ಅಮ್ಮಾ, ಬಲಗಾಲಿನ ಉಗುರು ಕತ್ತರಿಸ್ಕೊಂಡಿದೀಯ. ಎಡಗಾಲಿಂದು ಯಾಕೆ ಹಾಗೇ ಬೆಳೆಸ್ಕೊಂಡಿದೀಯ?” ಕೈ ಎಟುಕುತ್ತಿರಲಿಲ್ಲ, ಅಷ್ಟೇ. ಕಾಲು ಮಡಚಿ ಹತ್ತಿರ ತಂದುಕೊಳ್ಳಲು ಆಗುತ್ತಿರಲಿಲ್ಲ. ಮಗಳು ಕರೆದೊಯ್ದ ಆಸ್ಪತ್ರೆಯ ಮೂಳೆ ವೈದ್ಯರು ಮಂಡಿಯನ್ನು ಮುಟ್ಟಿ ಬಿಟ್ಟು, ಇಡೀ ಕಾಲನ್ನು ಒಳಕ್ಕೆ ತಿರುಗಿಸಿದರು. ಮೆಟ್ಟಿಲಕ್ಕ ಕಿರುಚಿಕೊಂಡರು. ಕೀಲು ಸವೆದಿರುವುದು ಸೊಂಟದಲ್ಲಿ, ಅಲ್ಲಿಯ ನೋವು ಮಂಡಿಗೆ ಇಳಿಯುವುದುಂಟು ಎಂದರು ವೈದ್ಯರು. ನಾಲ್ಕು ವರ್ಷದ ಎಣ್ಣೆ ನೀರಿನಲ್ಲಿ ಮಾಡಿದ ಹೋಮವಾಯಿತು.

ಕೀಲು ಬದಲಿಸಲು ವೈದ್ಯರು ಅವಸರಿಸಲಿಲ್ಲ. “ಮಾತ್ರೆ ತಗೊಂಡು ಇನ್ನೂ ಸ್ವಲ್ಪ ದಿನ ತಳ್ಳಬಹುದು. ನಿದ್ದೆ ಬರುತ್ತಾ, ನಿಮ್ಮ ಕೆಲಸ ನೀವು ಮಾಡ್ಕೊಳೋಕಾಗುತ್ತಾ, ನೋಡಿ ನೀವೇ ಹೇಳಿ” ಎಂದರು. ಮೆಟ್ಟಿಲಕ್ಕ ಐದು ತಿಂಗಳು ಮೀನಮೇಷ ಎಣಿಸಿದರು. ಆಪರೇಷನ್ ಮೇಜಿನ ಮೇಲಿಂದ ಏಳದೇ ಹೋದರೆ ಎಂಬುದು ಒಂದು ಭಯ. ಎದ್ದು ಬಂದಾಗ ಕೆಲಸ ಇಲ್ಲದಿದ್ದರೆ ಎಂಬುದು ಅದಕ್ಕಿಂತ ದೊಡ್ಡದು. ಕೊನೆಗೆ ವೈದ್ಯರನ್ನು ಕೇಳಿದ್ದು ಒಂದೇ ಪ್ರಶ್ನೆ.

“‘ಆಮೇಲೆ ಮೆಟ್ಟಿಲು ಹತ್ತಬಹುದಾ?’ ಅಂದೆ. ‘ಧಾರಾಳವಾಗಿ ಹತ್ತಬಹುದು’ ಅಂದ್ರು. ಅಷ್ಟು ಸಾಕು ಅನ್ಕೊಂಡು ಹೂಂ ಅಂದ್ಬಿಟ್ಟೆ. ಒರೆಸಬಹುದಾ ಅಂತ ಕೇಳಲೇ ಇಲ್ಲ. ಮೆಟ್ಟಿಲು ಅಂದ್ರೆ ನಂಗೆ ಒರೆಸೋದೇ ಅಲ್ವಾ, ಬೇರೆ ಕೇಳ್ಬೇಕು ಅಂತ ಹೊಳೀಲಿಲ್ಲ.”

ಶಸ್ತ್ರಚಿಕಿತ್ಸೆಯ ಮರುದಿನವೇ ನಿಲ್ಲಿಸಿದರು. ವಾಕರ್ ಹಿಡಿದು ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಮೈಯೆಲ್ಲ ಬೆವರು. ಹದಿನಾಲ್ಕನೇ ದಿನ ಹೊಲಿಗೆ ಬಿಚ್ಚಿದರು. ಮಲಗುವಾಗ ಎರಡು ಕಾಲಿನ ನಡುವೆ ದಿಂಬು. ಕಾಲ ಮೇಲೆ ಕಾಲು ಹಾಕುವಂತಿಲ್ಲ. ಶೌಚಕ್ಕೆ ಮಗಳು ಎಲ್ಲಿಂದಲೋ ತಂದ ತೂತಿನ ಕುರ್ಚಿ. ಮೊದಲ ವಾರಗಳಲ್ಲಿ ಅದರಡಿಯ ಬಕೆಟ್ಟನ್ನು ಮಗಳೇ ತೊಳೆದಳು. ಹತ್ತೊಂಬತ್ತು ವರ್ಷ ಊರವರ ಉಗುಳು ಒರೆಸಿದ ಹೆಂಗಸು ಆಗ ಗೋಡೆ ಕಡೆ ಮುಖ ಮಾಡಿ ಅತ್ತರಂತೆ. ಆದರೆ ಮಂಡಿ ನೋವು ಮಾಯವಾಗಿತ್ತು. “ಗಾಯದ ನೋವು ಇತ್ತು ಸಾರ್. ಒಳಗಡೆ ಕಚ್ಕೊಂಡಿದ್ದು ಮಾತ್ರ ಎದ್ದು ಹೋಗಿತ್ತು” ಎನ್ನುತ್ತಾರೆ.

ವ್ಯಾಯಾಮ ಹೇಳಿಕೊಡುವ ಹುಡುಗಿ ಮೆಟ್ಟಿಲ ಪಾಠ ಶುರುಮಾಡಿದ್ದು ಆಮೇಲೆ. ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಕೆಟ್ಟ ಕಾಲು ಮೊದಲು. ಮೆಟ್ಟಿಲಕ್ಕನಿಗೆ ಈಗಲೂ ಇದು ನಗು ತರಿಸುತ್ತದೆ. “ಹೊಸಾ ಕೀಲು ಹಾಕ್ಸಿರೋದು ಕೆಟ್ಟ ಕಾಲಂತೆ. ಮೈಯಲ್ಲಿ ಹೊಸದು ಅಂತ ಇರೋದೇ ಅದೊಂದು.” ಅದೇ ಹುಡುಗಿ ಕೊನೆಯ ದಿನ ಇನ್ನೊಂದು ಮಾತು ಹೇಳಿದಳು: “ಆಂಟಿ, ಕುಕ್ಕರಗಾಲಲ್ಲಿ ಮಾತ್ರ ಯಾವತ್ತೂ ಕೂರ್ಬೇಡಿ. ಕೀಲು ಜಾರಿದ್ರೆ ಮತ್ತೆ ಆಪರೇಷನ್ನು.”

ಮೂರು ತಿಂಗಳು ತುಂಬಿದ ಮೇಲೆ ಮೆಟ್ಟಿಲಕ್ಕ ಮೇಲ್ವಿಚಾರಕರ ಮುಂದೆ ನಿಂತರು. ನಿಂತೇ ಒರೆಸುತ್ತೇನೆ, ಉದ್ದ ಕೋಲಿನ ಒಂದು ಮಾಪು ಕೊಡಿಸಿ ಎಂದರು. ಉದ್ದ ಕೋಲಿನಲ್ಲಿ ಮೂಲೆ ಶುದ್ಧವಾಗುವುದಿಲ್ಲ ಎಂದರು ಅವರು. ಆಗುತ್ತದೆಂದು ತೋರಿಸಲು ಮೆಟ್ಟಿಲಕ್ಕ ತಮ್ಮ ಊರುಗೋಲಿನ ತುದಿಗೇ ಬಟ್ಟೆ ಕಟ್ಟಿ, ಕಂಬಿ ಹಿಡಿದು ಮೊದಲನೇ ಮಹಡಿಯ ತಿರುವನ್ನು ಒರೆಸಿದರು. ಮೂಲೆ ಕನ್ನಡಿಯಾಯಿತು. ಮೇಲ್ವಿಚಾರಕರ ತಕರಾರು ಬದಲಾಯಿತು: “ಆಸ್ಪತ್ರೆ ಕೋಲು ಹಿಡ್ಕೊಂಡು ಒರೆಸ್ತಿದ್ರೆ ಬರೋ ಹೋಗೋರು ಏನಂದ್ಕೊಳಲ್ಲ?” ಐದು ಗಂಟೆಗೆ ಈ ಮೆಟ್ಟಿಲಲ್ಲಿ ಬರುವವರು ಯಾರು, ಹೋಗುವವರು ಯಾರು ಎಂದು ಮೆಟ್ಟಿಲಕ್ಕ ಕೇಳಲಿಲ್ಲ. ‘ನೋಡೋಣ’ ಎಂಬ ಉತ್ತರ ಹಿಡಿದು ಮನೆಗೆ ಹೋದರು.

ಕಳೆದ ಸೋಮವಾರ ನೋಡಿಯಾಯಿತು. ಕೆಲಸ ಇಲ್ಲ. ಆಗ ಮೇಲ್ವಿಚಾರಕರು ಆಡಿದ ಮಾತನ್ನು ಮೆಟ್ಟಿಲಕ್ಕ ನನಗೆ ಎರಡು ಸಲ ಹೇಳಿದರು, ಎರಡು ಸಲವೂ ಅದೇ ಪದಗಳಲ್ಲಿ: “ನೀನಿಲ್ದೆ ನಾಲ್ಕು ತಿಂಗಳಾಯ್ತು. ಯಾರಾದ್ರೂ ಒಬ್ರು ಬಂದು ಮೆಟ್ಟಿಲು ಗಲೀಜಾಗಿದೆ ಅಂದ್ರಾ?”

ಯಾರೂ ಅಂದಿರಲಿಲ್ಲ. ಎರಡು ದಿನಕ್ಕೊಮ್ಮೆ ಯಾರೋ ಬಂದು ಮೆಟ್ಟಿಲ ನಡುವೆ ಮಾತ್ರ ಒದ್ದೆ ಬಟ್ಟೆ ಎಳೆದು ಹೋಗುತ್ತಾರೆ. ಇವರು ಉದ್ದ ಕೋಲು ಕೇಳಿದಾಗ ಮೇಲ್ವಿಚಾರಕರಿಗೆ ಬೇಕಾಗಿದ್ದ ಮೂಲೆ ಈಗ ಬೇಡ. ಎಂಟು ಮಹಡಿಯಲ್ಲಿ ಏನಿಲ್ಲವೆಂದರೂ ನಾನೂರು ಜನ ಕೆಲಸ ಮಾಡುತ್ತೇವೆ. ನಾನೂರು ಬಾಯಲ್ಲಿ ಒಂದಾದರೂ ತೆರೆದಿದ್ದರೆ ಇವರಿಗೆ ಕೆಲಸ ಉಳಿಯುತ್ತಿತ್ತೇನೋ. ನನ್ನ ಬಾಯೂ ಆ ಲೆಕ್ಕದಲ್ಲಿದೆ.

“ನೋವಿದ್ದಾಗ ದುಡಿಸ್ಕೊಂಡ್ರು. ನೋವು ಹೋದ್ಮೇಲೆ ಬೇಡ ಅಂದ್ರು” ಎನ್ನುತ್ತ ಮೆಟ್ಟಿಲಕ್ಕ ಮೂರನೇ ಮಹಡಿಯ ತಿರುವಿನಲ್ಲಿ ನಿಲ್ಲುತ್ತಾರೆ. ನಮ್ಮ ಕಚೇರಿಯ ಬಾಗಿಲ ಪಕ್ಕದ ಮೂಲೆ ಅದು. ಕಾಫಿ ಚೆಲ್ಲಿ ಒಣಗಿದ ಕಲೆಯ ಮೇಲೆ ಧೂಳು ಕೂತಿದೆ. ಬಗ್ಗುವ ಹಾಗಿಲ್ಲ. ಕೋಲಿನ ತುದಿಯಿಂದ ಒಮ್ಮೆ ಕೆರೆದು ನೋಡಿ ಬಿಡುತ್ತಾರೆ.

ಕೆಳಗೆ ಕಾವಲುಗಾರ ಕೆಮ್ಮುತ್ತಾನೆ, ಹೊತ್ತಾಯಿತು ಎಂದು. ನಿಮಗೇನು ಆಸೆ ಎಂದು ಕೇಳುತ್ತೇನೆ. ಇಂಥ ಲೇಖನದ ಕೊನೆಗೆ ಎಲ್ಲರನ್ನೂ ಕೇಳುವುದೇ ಅದು. ಅವರು ಎಡಗಾಲನ್ನು ಕೆಳಗಿನ ಮೆಟ್ಟಿಲಿಗಿಟ್ಟು, ಕಂಬಿಯ ಮೇಲೆ ಬಟ್ಟೆ ಸರಿಸಿ, ಹಿಂತಿರುಗದೆ ಹೇಳುತ್ತಾರೆ:

“ಒಂದೇ ಒಂದು ದಿನ ಈ ಲಿಫ್ಟು ಕೆಡ್ಲಿ ಸಾರ್. ಎಲ್ರೂ ನಡ್ಕೊಂಡು ಹತ್ಲಿ. ನನ್ನ ನೆನೆಸ್ಕೊಳೋದು ಬೇಡ. ಮೂಲೆ ನೋಡ್ಲಿ, ಸಾಕು.”