ಟ್ರಾಲಿ ಹಾದ ಸಾಲುಗಳು

ಇಂದಾಪುರದ ಹೊಲ ಮಾಮಾನದು, ಅಂದರೆ ಅವ್ವನ ತಮ್ಮನದು. ಅವನು ದೂರದ ಶಹರದಲ್ಲಿ, ಬಿಬವೇವಾಡಿಯಲ್ಲಿ, ಅಂಗಡಿ ಇಟ್ಟಿದ್ದಾನೆ. ಹೊಲದಲ್ಲಿ ನಾನು ಪಾಲಿಗೆ ಕಬ್ಬು ಮಾಡುತ್ತಿದ್ದೆ. ಮೊದಲ ಬೆಳೆಯಲ್ಲಿ ನನ್ನ ಪಾಲು ಕಡಿಮೆ. ಕಡಿದ ಮೇಲೆ ಅದೇ ಬುಡದಿಂದ ಚಿಗುರುವ ಕೂಳೆ ಕಬ್ಬಿನಲ್ಲಿ ಅರ್ಧ ನನಗೆ. ಕೂಳೆ ಚೆನ್ನಾಗಿ ಬಂದರೆ ಮುಂದೆಯೂ ಹೊಲ ನಿನಗೇ ಅಂದಿದ್ದ. ನಾನು ದುಡಿದದ್ದು ಆ ಮಾತಿಗೆ.

ಮೊದಲ ಬೆಳೆ ಕಡಿಯುವ ಪಾಳಿ ಬಂದದ್ದು ಅಕಾಲದ ಮಳೆ ಬಿದ್ದ ಮರುದಿನ. ಎರೆಮಣ್ಣು ಕಾಲಿಗೆ ಅಂಟಿ ಬರುತ್ತಿತ್ತು. ಸಕ್ಕರೆ ಕಾರ್ಖಾನೆಯವರು ಕಬ್ಬು ಕಡಿಯುವ ಗ್ಯಾಂಗು ಕಳಿಸಿದ ದಿನ ಬೇಡ ಅಂದರೆ ಮತ್ತೆ ಯಾವಾಗ ಕಳಿಸುತ್ತಾರೋ ಗೊತ್ತಿಲ್ಲ. ಅಷ್ಟರಲ್ಲಿ ಕಬ್ಬು ನಿಂತಲ್ಲೇ ಒಣಗುತ್ತದೆ. ಅದಕ್ಕೇ ಕಡಿಯಿರಿ ಅಂದೆ. ಆದರೆ ಟ್ರಾಲಿ ರಸ್ತೆಯ ಮೇಲೆಯೇ ನಿಲ್ಲಲಿ, ಹೊರೆ ಹೊತ್ತು ತಂದು ತುಂಬಿರಿ ಅಂದೆ. ಅದಕ್ಕೆ ಬೇರೆ ಕೂಲಿ ಆಗುತ್ತದೆ ಅಂದರು. ಮಾಮಾನಿಗೆ ಫೋನ್ ಮಾಡಿದೆ.

"ಮಾಮಾ, ನೆಲಾ ಹಸಿ ಅದ ರೀ. ತುಂಬಿದ ಟ್ರಾಲಿ ಒಳಗ ತಿರುಗಿದ್ರ ಮಣ್ಣ ಕಲ್ಲಾಗತದ."

"ಮಣ್ಣೇನ ರೊಟ್ಟಿ ಹಿಟ್ಟೇನಲೇ, ಬಡದ್ರ ಚಪ್ಪಟಿ ಆಗಾಕ? ಒಳಗ ಬಿಡ ಸುಮ್ನ."

ಬಿಟ್ಟೆ. ಟ್ರಾಲಿ ಅಚ್ಚಿನತನಕ ಹೂತಿತು. ಎಳೆಯಲು ಇನ್ನೊಂದು ಟ್ರ್ಯಾಕ್ಟರ್ ಬಂತು. ಅದೂ ಹೊಲ ತುಳಿಯಿತು.

ಕೂಳೆ ಚಿಗುರಿತು. ಗಾಲಿ ತಾಗದ ಕಡೆ ಎದೆಮಟ್ಟ ಬಂದಾಗ, ಹಾದ ಸಾಲುಗಳಲ್ಲಿ ಮೊಣಕಾಲು ದಾಟಿರಲಿಲ್ಲ. ಎಲೆ ಹಳದಿ. ನೀರು ಬಿಟ್ಟರೆ ಅಲ್ಲಿ ಇಳಿಯುತ್ತಲೇ ಇರಲಿಲ್ಲ, ಎಮ್ಮೆ ಹೊಂಡದ ಹಾಗೆ ಮೇಲೆಯೇ ನಿಲ್ಲುತ್ತಿತ್ತು. ಒಂದು ಬುಡ ಅಗೆದು ನೋಡಿದೆ. ಗೇಣು ಆಳಕ್ಕೆ ಸಲಿಕೆ ಠಣ್ ಅಂದಿತು. ಬೇರು ಅಲ್ಲಿಯತನಕ ಇಳಿದು, ದಾರಿ ಸಿಗದೆ ಅಡ್ಡ ಹೊರಳಿ, ಮೊಂಡಾಗಿ ಮುರುಟಿತ್ತು. ಆ ಗಟ್ಟಿ ಪದರ ಹಾರೆಯಿಂದ ಒಡೆದರೆ ಅದರ ಕೆಳಗೆ ತೇವ ಇತ್ತು. ಬೇರಿಗೆ ಅದು ಎಟಕುವಂತಿರಲಿಲ್ಲ. ಮೇಲೆ ನಿಂತ ನೀರಿನಲ್ಲಿ ಬೇರು ಉಸಿರು ಕಟ್ಟಿ ಕೊಳೆಯುತ್ತಿತ್ತು.

ಮಾಮಾ ನೋಡಲು ಬಂದ. ಬೂಟಿಗೆ ಕೆಸರು ಹತ್ತೀತೆಂದು ಬದುವಿನ ಮೇಲೆಯೇ ನಿಂತ.

"ನೀರ ಸರಿ ಬಿಟ್ಟಿಲ್ಲ ನೀ."

"ನೀರ ನಿಂತದ ನೋಡ್ರಿ. ಬೇರಿಗೆ ಹೋಗವಲ್ದು. ಬ್ಯಾಸಿಗ್ಯಾಗ ಈ ಕೂಳಿ ತಗದು, ನೆಲಾ ಒಣಗಿದ ಮ್ಯಾಲ ಆಳಕ್ಕ ನೇಗಿಲಾ ಹೊಡಸೂಣ್ರಿ. ಮಣ್ಣ ಸಡಲ ಆಗಾಕ ಒಂದ ಸಲಾ ಸೆಣಬ ಹಾಕೂಣು."

"ಬರೇ ಖರ್ಚಿನ ಮಾತ. ಮೊಬೈಲ್ ನೋಡ್ಕೋತ ಕುಂತ್ರ ಕಬ್ಬ ಬರ್ತದೇನಲೇ? ಯೂರಿಯಾ ಒಗಿ."

ಅಗೆದ ಬುಡ ಕೈಯಲ್ಲಿ ಹಿಡಿದು ಅವನ ಮುಂದೆ ಚಾಚಿದೆ. ಅವನು ಗಡಿಯಾರ ನೋಡಿಕೊಂಡ. ಯೂರಿಯಾ ಒಗೆದೆ. ಅದೂ ನಿಂತ ನೀರಿನಲ್ಲೇ ಹೋಯಿತು. ಕಡಿದಾಗ ಆ ಸಾಲುಗಳಲ್ಲಿ ಸಿಕ್ಕದ್ದು ದನಕ್ಕೆ ಹಾಕುವ ಮೇವು. ಅದರಲ್ಲಿ ಅರ್ಧ ನನ್ನದು.

ಬೇಸಿಗೆಯಲ್ಲಿ ಮಾಮಾ ಹೊಲ ಬೇರೊಬ್ಬನಿಗೆ ಕೊಟ್ಟ. ಹೊಸಬ ನೋಡಿದೊಡನೆ, ನೆಲ ಆಳಕ್ಕೆ ಒಡೆಸದೆ ನಾನು ಕಾಲಿಡುವುದಿಲ್ಲ ಅಂದನಂತೆ. ಮಾಮಾ ಒಡೆಸಿಕೊಟ್ಟ. ಹೊರಗಿನವನ ಮುಂದೆ ಖರ್ಚಿನ ಮಾತು ಬರಲಿಲ್ಲ. ನಾನು ಹೊರಗಿನವನೇ? ಅಕ್ಕನ ಮಗ, ಬೈಸಿಕೊಳ್ಳಲು ಇದ್ದವನು.

ಈಗ ನಾನೂ ಅದೇ ಶಹರದಲ್ಲಿ, ವಾಕಡದಲ್ಲಿ, ಒಂದು ಕಟ್ಟಡದ ಗೇಟು ಕಾಯುತ್ತೇನೆ. ಮೊನ್ನೆ ಮಾಮಾನ ಫೋನ್ ಬಂತು.

"ಕಬ್ಬ ಭಾಳ ಛಲೋ ಬಂದದಲೇ. ಅಂವಗ ನೀರ ಬಿಡೂದ ಗೊತ್ತದ ನೋಡ."

"ಹೌದ್ರಿ ಮಾಮಾ," ಅಂದೆ.